ನದಿಯ ಪಾತ್ರ

ಐನೂರ ಎಂಬತ್ತೆರಡು ಪುಟ.
ಒಂದೂ ಮುಕ್ಕಾಲು ಗಂಟೆಗೆ ಇಳಿಸಿ, ಎಂದರು ಹೆಡ್ಮಾಸ್ಟ್ರು.
ಶಾಲೆಗೆ ನೂರು ತುಂಬುತ್ತದೆ, ಎಲ್ಲ ಮಕ್ಕಳೂ ಸ್ಟೇಜಿಗೆ ಬರಬೇಕು,
ಒಂದನ್ನೂ ಬಿಡುವ ಹಾಗಿಲ್ಲ, ಮನೆಯವರು ಕೇಳ್ತಾರೆ.
ಮಕ್ಕಳು ಮುನ್ನೂರ ಹನ್ನೊಂದು.
ಕಾದಂಬರಿಯಲ್ಲಿ ಹೆಸರಿರುವವರು ಹದಿನಾಲ್ಕು ಮಂದಿ,
ಅದರಲ್ಲೂ ಮೂವರು
ಕತೆ ಶುರುವಾಗುವ ಮೊದಲೇ ತೀರಿಕೊಂಡವರು.

ಸಂತೆಗೆ ಎಂಬತ್ತು ಜನ ಹಾಕಿದೆ.
ದಿಬ್ಬಣಕ್ಕೆ ಅರುವತ್ತು. ಪುಸ್ತಕದಲ್ಲಿ ಅದು ಒಂದೇ ಸಾಲು,
ದಿಬ್ಬಣ ಬಂತು, ಹೋಯಿತು.
ಐದನೇ ಕ್ಲಾಸಿನ ಬಿ ಸೆಕ್ಷನ್ನು ಪೂರ್ತಿ ತೆಂಗಿನ ಮರ.
ಕೊನೆಗೆ ಉಳಿದವು ನಲವತ್ತೆರಡು ಸಣ್ಣವು.
ನೀವೆಲ್ಲ ನದಿ, ಅಂದೆ.

ರಾತ್ರಿ ಕೆಂಪು ಪೆನ್ನು ಹಿಡಿದು ಕೂತರೆ
ಅಂಜಲ್ ಕೊಯ್ಯುವವಳ ಹಾಗೆ ಕೊಯ್ದದ್ದೇ ಕೊಯ್ದದ್ದು,
ತಲೆ ಸಾರಿಗೆ, ಬಾಲ ಬೆಕ್ಕಿಗೆ, ನಡುವಿನ ತುಂಡು ಸ್ಟೇಜಿಗೆ.
ಹತ್ತೊಂಬತ್ತನೇ ಅಧ್ಯಾಯದಲ್ಲಿ ಕೈ ನಿಂತಿತು.
ಅದರಲ್ಲಿ ಏನೂ ನಡೆಯುವುದಿಲ್ಲ.
ಚೆನ್ನಕ್ಕ ಕಡವಿನ ಮೆಟ್ಟಿಲ ಮೇಲೆ ಕೂತಿರುತ್ತಾಳೆ.
ದೋಣಿ ಬರುವುದಿಲ್ಲ. ಇಪ್ಪತ್ತಾರು ಪುಟ.
ಪಿಯುಸಿ ಫೇಲಾದ ವರ್ಷ
ಅಮ್ಮನಿಗೆ ಗೊತ್ತಾಗದ ಹಾಗೆ ಅದನ್ನೇ ಓದಿದ್ದೆ,
ಮೂರೋ ನಾಲ್ಕೋ ಸಲ.
ಸುಮ್ಮನೆ ಕೂತವಳನ್ನು ಯಾರು ನೋಡುತ್ತಾರೆ?
ಅಡ್ಡಗೆರೆ ಎಳೆದೆ.

ನೀಲಿ ಬಟ್ಟೆ ಹಿಡಿದು ಎಡದಿಂದ ಬಲಕ್ಕೆ ಓಡಿ ಮಕ್ಕಳೇ,
ಎಂದು ರಿಹರ್ಸಲಿನಲ್ಲಿ ಹೇಳಿದರೆ
ಬೆಂಗ್ರೆಯಿಂದ ಫೆರಿಯಲ್ಲಿ ಬರುವ ಶಮ್ಮಾಸ್, ಎರಡನೇ ಕ್ಲಾಸು,
ಬಟ್ಟೆ ಬಿಟ್ಟು ಮುಂದೆ ಬಂದ.
"ನದಿ ಹಾಗೆ ಹೋಗ್ಲಿಕ್ಕಿಲ್ಲ ಟೀಚರ್.
ಸಂಜೆ ಅದು ವಾಪಸ್ ಬರ್ತದೆ."
ಎಲ್ಲಿಂದ ಮಾರಾಯ?
"ಅಳಿವೆಯಿಂದ. ಉಪ್ಪು ಮಾಡ್ಕೊಂಡು ಬರ್ತದೆ."

ಬರೆದವರು ಘಟ್ಟದ ಮೇಲಿನವರು.
ಅವರ ನದಿ ಒಮ್ಮೆ ಇಳಿದರೆ ಇಳಿಯಿತು,
ಕಾಲವೂ ಹೀಗೆಯೇ ಎಂದು ನಾಲ್ಕು ಪುಟಕ್ಕೊಮ್ಮೆ ಹೇಳುತ್ತದೆ.
ನಾನು ಹುಟ್ಟಿದ್ದು ಬೋಳಾರದಲ್ಲಿ, ನನಗೂ ಹೊಳೆಯಲಿಲ್ಲ.
ಎರಡನೇ ಅಂಕದಲ್ಲಿ ನದಿ ಹಿಂದಕ್ಕೆ ಬರಲಿ
ಎಂದು ಪೆನ್ಸಿಲಿನಲ್ಲಿ ಬರೆದುಕೊಂಡೆ.

ಆ ದಿನ ದೋಣಿ ಸಿಕ್ಕಿಹಾಕಿಕೊಂಡಿತು.
ಪ್ಲೈವುಡ್ಡಿನದು, ಅಡಿಗೆ ನಾಲ್ಕು ಚಕ್ರ, ಕ್ರಾಫ್ಟ್ ಮೇಷ್ಟ್ರ ಕೆಲಸ,
ಪರದೆಯ ಮರೆಯಲ್ಲಿ ಜನರೇಟರಿನ ವಯರಿಗೆ ಸಿಕ್ಕಿ
ಆಚೆಗೂ ಇಲ್ಲ ಈಚೆಗೂ ಇಲ್ಲ.
ಒಳಗೆ ತಳ್ಳಾಟ, ತುಳುವಿನಲ್ಲಿ ಬೈಗುಳ.
ಹೊರಗೆ ಜೋಸ್ವಿಟಾ ಡೇಸಾ, ಒಂಬತ್ತನೇ ಕ್ಲಾಸು, ಚೆನ್ನಕ್ಕ.
ಅವಳಿಗೆ ಹೇಳಲು ಮಾತಿಲ್ಲ.
ಇದ್ದದ್ದನ್ನು ನಾನೇ ಕೊಯ್ದಿದ್ದೆ.

ನದಿ ಹಿಂದಕ್ಕೆ ಬಂತು, ಸ್ವಲ್ಪ ತೂಗಿತು, ನಿಂತಿತು.
ಶಮ್ಮಾಸ್ ಬಟ್ಟೆಯಡಿ ಕೂತ, ಒರಗಿದ, ನಿದ್ದೆ ಹೋದ.
ಒಂಬತ್ತೂವರೆ ಕಳೆದಿತ್ತು. ಕೊನೆಯ ಫೆರಿ ಹೋಗಿ
ಅವನ ಮಾವ ಸ್ವಂತ ದೋಣಿ ಕಟ್ಟಿ ಧಕ್ಕೆಯಲ್ಲಿ ಕಾಯುತ್ತಿದ್ದ.
ಜೋಸ್ವಿಟಾ ಮೆಟ್ಟಿಲ ಮೇಲೆ ಕೂತು
ಕಾಲು ನೀರಿಗೆ ಇಳಿಬಿಟ್ಟಳು,
ಹುಡುಗನ ತಲೆ ಎಲ್ಲಿದೆ ಎಂದು ಮೊದಲು ನೋಡಿಕೊಂಡು.

ಪರದೆಯ ಹಗ್ಗ ನನ್ನ ಕೈಯಲ್ಲಿತ್ತು. ಎಳೆಯಲಿಲ್ಲ.
ಮೈದಾನದ ತುಂಬ ಕೆಂಪು ಕುರ್ಚಿ.
ಗೇಟಿನ ಹತ್ತಿರ ಚರುಂಬುರಿಯವನೂ
ಡಬ್ಬ ಬಡಿಯುವುದು ನಿಲ್ಲಿಸಿದ.

ನಾಲ್ಕು ನಿಮಿಷವಂತೆ, ಹೆಡ್ಮಾಸ್ಟ್ರು ವಾಚು ನೋಡಿದ್ದರು.
"ಆ ಒಂದು ಗ್ಯಾಪು ಬಿಟ್ರೆ ಬಾಕಿ ಎಲ್ಲ ಚಂದ ಆಗಿದೆ."

ಸೋಮವಾರ ಶಮ್ಮಾಸನ ಉಮ್ಮ ಬಂದಿದ್ದರು,
ನೀಲಿ ಅಂಗಿ ಒಗೆದು ಮಡಚಿ ತಂದಿದ್ದರು.
ಆ ನಾಟಕದ ಬುಕ್ಕು ಉಂಟಾ ಟೀಚರ್,
ಇವನು ಎಷ್ಟನೇ ಪುಟದಲ್ಲಿ ಬರ್ತಾನೆ ನೋಡ್ಬೇಕಿತ್ತು.
ಕಪಾಟಿನಿಂದ ತೆಗೆದೆ. ಗೆರೆ ಎಳೆದ ಅಧ್ಯಾಯ ಬಿಡಿಸಿ
ಮುನ್ನೂರ ನಾಲ್ಕನೇ ಪುಟದ ಮೇಲೆ ಬೆರಳಿಟ್ಟೆ.
ಅಲ್ಲಿ ನೀರು ಎಂಬ ಪದ ಎರಡು ಸಲ ಇದೆ.
ಅವರು ಬಗ್ಗಿ, ಅಕ್ಷರ ಕೂಡಿಸಿಕೊಂಡು ಓದಿ, ಕೇಳಿದರು,
"ಇವನು ಯಾವುದು, ಮೊದಲಿನದ್ದಾ?"
ಎರಡನೇದು, ಅಂದೆ.
ವಾಪಸ್ ಬರುವುದು.